ಗೃಹಸ್ಥನ ಯಂತ್ರವಿಚಾರ: ವೇಗವೇರದ ಹಳೆಯ ಮೋಟಾರು

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ ನೆಲಸಿರುವ ಕನ್ನಡಿಗ ವಾಚಕರೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದರು. ಅವರಲ್ಲಿ ಷೆವರ್ಲೆ ಕಂಪೆನಿಯವರು 1969ರಲ್ಲಿ ತಯಾರಿಸಿದ ಷೆವೆಲ್ ಎಂಬ ಕಾರುಂಟು. ಹಿಂದಿನ ಒಡೆಯರು ಅದರ ಜೀರ್ಣೋದ್ಧಾರ ಮಾಡಿಸಿ ಇವರಿಗೆ ಮಾರಿದರಂತೆ. ಬಣ್ಣ ಕನ್ನಡಿಯಂತಿದೆ, ಆಸನಗಳ ಹೊದಿಕೆ ಹೊಸದು, ಎಂಜಿನ್ನು ಮೊದಲ ಸಲಕ್ಕೇ ಹೊರಡುತ್ತದೆ. ಆದರೆ ಪೆಡಲನ್ನು ಎಷ್ಟು ಒತ್ತಿದರೂ ಗಾಡಿ ಮುಂದಕ್ಕೆ ನುಗ್ಗುವುದಿಲ್ಲ. ಹೆದ್ದಾರಿಯನ್ನು ಸೇರುವ ಕಡೆ ಹಿಂದಿನಿಂದ ದೊಡ್ಡ ಲಾರಿಗಳು ಬರುತ್ತಿರುವಾಗ ಇದು ನಿಧಾನವಾಗಿ ತೆವಳುವುದನ್ನು ಕಂಡು ಮನೆಯವರು ಆ ಗಾಡಿಯಲ್ಲಿ ಕುಳಿತುಕೊಳ್ಳಲು ಒಪ್ಪುತ್ತಿಲ್ಲ. ಕಾರ್ಖಾನೆಯೊಂದಕ್ಕೆ ಒಯ್ದು ತೋರಿಸಿದರೆ, ಎಂಜಿನ್ನನ್ನು ಇಳಿಸಿ ಬಿಚ್ಚಿ ಹೊಸದಾಗಿ ಕಟ್ಟಬೇಕೆಂದು ಹೇಳಿದರು. ಅದರ ವೆಚ್ಚವೋ, ಮಗಳ ಕಾಲೇಜಿಗೆಂದು ಕೂಡಿಟ್ಟ ಹಣದಲ್ಲಿ ದೊಡ್ಡ ಪಾಲನ್ನು ನುಂಗತಕ್ಕದ್ದು. “ಬಿಚ್ಚಿಸಲೇ, ಬೇಡವೇ?” ಎಂಬುದು ಅವರ ಪ್ರಶ್ನೆ.

ಅವರಿಗೆ ಪ್ರತ್ಯೇಕವಾಗಿ ಉತ್ತರ ಬರೆದದ್ದಾಯಿತು. ಆದರೆ ಈ ವಿಚಾರ ಅವರೊಬ್ಬರಿಗೆ ಮಾತ್ರ ಸೇರಿದ್ದಲ್ಲ. ನಮ್ಮಲ್ಲಿ ಹಳೆಯ ಅಂಬಾಸಡರನ್ನಾಗಲಿ ಪದ್ಮಿನಿಯನ್ನಾಗಲಿ ಪ್ರೀತಿಯಿಂದ ಉಳಿಸಿಕೊಂಡಿರುವ ಮನೆಗಳು ಇನ್ನೂ ಇವೆ. ಗಾತ್ರದಲ್ಲಿ ಅಜಗಜಾಂತರವಿದ್ದರೂ ಕಾರ್ಬ್ಯುರೇಟರು, ಡಿಸ್ಟ್ರಿಬ್ಯೂಟರು, ಪಾಯಿಂಟು ಇವು ಎರಡರಲ್ಲಿಯೂ ಒಂದೇ ಜಾತಿಯವು. ನಮ್ಮ ಮೆಕ್ಯಾನಿಕ್ಕುಗಳು “ಪಿಕಪ್ ಇಲ್ಲ” ಎಂದು ಹೇಳುವ ರೋಗಕ್ಕೂ ಆ ಷೆವೆಲ್ಲಿನ ರೋಗಕ್ಕೂ ನಿದಾನದ ಕ್ರಮ ಒಂದೇ. ಆದಕಾರಣ ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲು ಈ ಗಾಡಿ ಎಂಥದೆಂಬುದನ್ನು ತಿಳಿಯೋಣ. ಅಮೆರಿಕದವರು ‘ಮಸಲ್ ಕಾರು’ ಎಂದು ಕರೆಯುವ ವರ್ಗವು 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓ ಎಂಬ ಗಾಡಿಯಿಂದ ಪ್ರಸಿದ್ಧಿಗೆ ಬಂದಿತು. ಮಧ್ಯಮ ಗಾತ್ರದ ಸಂಸಾರದ ಗಾಡಿಯೊಳಗೆ ದೊಡ್ಡ ಗಾಡಿಯ ಎಂಜಿನ್ನನ್ನು ಕೂರಿಸುವುದೇ ಇದರ ಮರ್ಮ. ನಮ್ಮ ವಾಚಕರ ಷೆವೆಲ್ ಎಸ್‌ಎಸ್ 396ರಲ್ಲಿ ಎಂಟು ಸಿಲಿಂಡರುಗಳ ಒಟ್ಟು ಅಳತೆ 396 ಘನ ಅಂಗುಲ, ಎಂದರೆ ಸುಮಾರು ಆರೂವರೆ ಲೀಟರು. ಹಳೆಯ ಅಂಬಾಸಡರಿನದು ಒಂದೂವರೆ ಲೀಟರು ಮಾತ್ರ. 1970ರ ವಾಯುಶುದ್ಧಿಯ ಶಾಸನ, ವಿಮೆಯ ದರದ ಏರಿಕೆ, 1973ರ ತೈಲಸಂಕಟ ಇವು ಮೂರೂ ಸೇರಿ ಆ ಯುಗವನ್ನು ಮುಗಿಸಿದವು. ಷೆವೆಲ್ ಎಂಬ ಹೆಸರೂ 1977ರ ಮಾದರಿಯೊಂದಿಗೆ ನಿಂತುಹೋಯಿತು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಿಕೊಳ್ಳಬೇಕು. ಆ ಎಂಜಿನ್ನಿಗೆ ಕಾಗದದ ಮೇಲೆ 325 ಅಶ್ವಶಕ್ತಿ. ಆದರೆ ಅಂದಿನ ಅಳತೆಯನ್ನು ಎಂಜಿನ್ನನ್ನು ಮೇಜಿನ ಮೇಲಿಟ್ಟು, ಗಾಳಿಶೋಧಕ, ಸೈಲೆನ್ಸರು ಮೊದಲಾದ ಭಾರಗಳನ್ನು ಕಳಚಿ ಮಾಡುತ್ತಿದ್ದರು. 1972ರ ಮಾದರಿಗಳಿಂದೀಚೆಗೆ ಅವೆಲ್ಲವನ್ನೂ ಜೋಡಿಸಿ ಅಳೆಯುವ ಪದ್ಧತಿ ಬಂದಮೇಲೆ ಅಂಕಿಗಳು ಒಮ್ಮೆಲೇ ಇಳಿದವು. ಅಲ್ಲದೆ ಈ ಕಾಲದ ಸಾಧಾರಣ ಕಾರು ಕೂಡ ಚುರುಕಾಗಿ ಓಡುತ್ತದೆ; ಅದರಿಂದ ಇಳಿದು ಹಳೆಯದಕ್ಕೆ ಹತ್ತಿದವನಿಗೆ ಆರೋಗ್ಯವಾದ ಗಾಡಿಯೂ ಮಂದವೆಂದು ತೋರಬಹುದು. ಆದಕಾರಣ ಅನಿಸಿಕೆಯನ್ನು ಬದಿಗಿಟ್ಟು, ಜನಸಂಚಾರವಿಲ್ಲದ ಅನುಮತಿಯುಳ್ಳ ಸ್ಥಳದಲ್ಲಿ ಗಡಿಯಾರ ಹಿಡಿದು ಅಳೆಯತಕ್ಕದ್ದು. ನಿಂತ ಸ್ಥಿತಿಯಿಂದ ಗಂಟೆಗೆ 60 ಮೈಲಿಯ ವೇಗವನ್ನು ಇಂಥ ಗಾಡಿಯು ಏಳೆಂಟು ಸೆಕೆಂಡುಗಳಲ್ಲಿ ಮುಟ್ಟಬೇಕು. ನಮ್ಮ ವಾಚಕರ ಗಾಡಿಗೆ ಹನ್ನೆರಡು ಹಿಡಿಯಿತು. ಎಂದಮೇಲೆ ರೋಗವಿರುವುದು ನಿಜ.

ಇನ್ನು ರೋಗದ ರೂಪ. “ಪಿಕಪ್ ಇಲ್ಲ” ಎಂಬ ಒಂದೇ ಮಾತಿನಲ್ಲಿ ಹಲವು ಬೇರೆ ಬೇರೆ ದೋಷಗಳು ಅಡಗಿರುತ್ತವೆ. ಪೆಡಲು ಒತ್ತಿದ ಕ್ಷಣದಲ್ಲಿ ಮಾತ್ರ ಮುಗ್ಗರಿಸಿ ಆಮೇಲೆ ಸರಿಯಾದರೆ ಕಾರ್ಬ್ಯುರೇಟರಿನ ಪಂಪನ್ನು ಶಂಕಿಸಬೇಕು. ಚೆನ್ನಾಗಿ ಹೊರಟು ಕೆಲವು ಸೆಕೆಂಡುಗಳಾದ ಮೇಲೆ ಸೊರಗಿದರೆ ಪೆಟ್ರೋಲು ಸಾಲುತ್ತಿಲ್ಲ. ಎಂಜಿನ್ನು ಗರ್ಜಿಸಿಯೂ ಗಾಡಿ ಏರದಿದ್ದರೆ ಕ್ಲಚ್ಚು ಜಾರುತ್ತಿದೆ. ತಾನಾಗಿ ಗೇರು ಬದಲಾಗುವ ಗಾಡಿಯು ಹೊರಡುವಾಗ ಮಾತ್ರ ಜಡವಾಗಿದ್ದು ವೇಗ ಬಂದಮೇಲೆ ಸರಿಹೋದರೆ, ಟಾರ್ಕ್ ಕನ್ವರ್ಟರಿನೊಳಗೆ ಒಂದೇ ಕಡೆಗೆ ತಿರುಗಬೇಕಾದ ಭಾಗ ಕೆಟ್ಟಿರಬಹುದು. ಎಲ್ಲ ವೇಗಗಳಲ್ಲಿಯೂ ಒಂದೇ ಸಮನೆ ಸತ್ವಹೀನವಾಗಿದ್ದರೆ ಕಿಡಿಯ ಕಾಲವೋ ಉಸಿರಾಟವೋ ತಪ್ಪಿರಬೇಕು. ನಮ್ಮ ವಾಚಕರದು ಈ ಕೊನೆಯ ವರ್ಗ; ಜೊತೆಗೆ ಪೆಡಲು ಒತ್ತಿದೊಡನೆ ಸ್ವಲ್ಪ ಮುಗ್ಗರಿಕೆಯೂ ಉಂಟು.

ಶಾಸ್ತ್ರಗ್ರಂಥಗಳಲ್ಲಿ ಸೂಚೀಕಟಾಹನ್ಯಾಯವೆಂದು ಒಂದುಂಟು. ಕಮ್ಮಾರನಿಗೆ ಒಬ್ಬನು ಕೊಪ್ಪರಿಗೆಯನ್ನೂ ಇನ್ನೊಬ್ಬನು ಸೂಜಿಯನ್ನೂ ಮಾಡಿಕೊಡೆಂದು ಕೇಳಿದರೆ, ಅವನು ಸೂಜಿಯನ್ನು ಮೊದಲು ಮುಗಿಸಿ ಆಮೇಲೆ ಕೊಪ್ಪರಿಗೆಗೆ ಕೈಹಾಕುತ್ತಾನೆ. ಅಲ್ಪಶ್ರಮದ ಕಾರ್ಯ ಮುಂಚೆ, ಬಹುಶ್ರಮದ್ದು ಅನಂತರ ಎಂಬುದು ತಾತ್ಪರ್ಯ. ಯಂತ್ರದ ನಿದಾನಕ್ಕೆ ಇದಕ್ಕಿಂತ ಒಳ್ಳೆಯ ಸೂತ್ರವಿಲ್ಲ. ಎಂಜಿನ್ನನ್ನು ಬಿಚ್ಚುವುದು ಕೊಪ್ಪರಿಗೆ. ಅದಕ್ಕೆ ಮುಂಚೆ ಮಾಡಿ ಮುಗಿಸಬೇಕಾದ ಸೂಜಿಗಳು ಬಹಳ ಇವೆ.

ಮೊದಲನೆಯದು, ಗಾಡಿ ಹಗುರವಾಗಿ ಉರುಳುತ್ತದೆಯೇ ಎಂಬುದು. ಸಮನೆಲದಲ್ಲಿ ಗೇರು ತಪ್ಪಿಸಿ ತಳ್ಳಿ ನೋಡಬೇಕು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಮೇಲೆ ಒಂದು ಚಕ್ರದ ನಡುಭಾಗ ಮಿಕ್ಕವುಗಳಿಗಿಂತ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆಯೆಂದು ಅರ್ಥ. ಬ್ರೇಕಿನ ಹಳೆಯ ರಬ್ಬರು ಕೊಳವೆ ಒಳಗೆ ಊದಿಕೊಂಡು, ಎಣ್ಣೆಯನ್ನು ಹೋಗಗೊಟ್ಟು ಹಿಂದಕ್ಕೆ ಬರಗೊಡದಿರುವುದುಂಟು. ಇದರ ಜೊತೆಗೆ ಹಿಂದಿನ ಅಚ್ಚಿನ ಹಲ್ಲುಗಾಲಿಗಳ ಪ್ರಮಾಣವನ್ನೂ ನೋಡಬೇಕು. ಚಕ್ರಕ್ಕೂ ಪ್ರೊಪೆಲರ್ ಷಾಫ್ಟಿಗೂ ಸೀಮೆಸುಣ್ಣದಿಂದ ಗೆರೆಯೆಳೆದು, ಗಾಡಿಯನ್ನು ಮೆಲ್ಲಗೆ ತಳ್ಳಿ, ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಷಾಫ್ಟು ಎಷ್ಟು ಸುತ್ತು ತಿರುಗುತ್ತದೆಂದು ಎಣಿಸಬಹುದು. ಜೀರ್ಣೋದ್ಧಾರದ ಕಾಲದಲ್ಲಿ 3.31ರ ಅಚ್ಚಿನ ಬದಲು ಸಿಕ್ಕಿತೆಂದು 2.73ರದನ್ನು ಹಾಕಿದ್ದರೆ, ಎಂಜಿನ್ನು ನಿರ್ದೋಷಿಯಾಗಿದ್ದರೂ ಚಕ್ರಕ್ಕೆ ಮುಟ್ಟುವ ನೂಕುಬಲದಲ್ಲಿ ಸುಮಾರು ಆರರಲ್ಲೊಂದು ಪಾಲು ಕಡಮೆಯಾಗುತ್ತದೆ.

ಎರಡನೆಯದಕ್ಕೆ ಉಪಕರಣವೇ ಬೇಡ. ಎಂಜಿನ್ನನ್ನು ನಿಲ್ಲಿಸಿ, ಒಬ್ಬರು ಆಸನದಲ್ಲಿ ಕುಳಿತು ಪೆಡಲನ್ನು ಪೂರ್ತಿ ಒತ್ತಬೇಕು. ಇನ್ನೊಬ್ಬರು ಗಾಳಿಶೋಧಕವನ್ನು ತೆಗೆದು ಕಾರ್ಬ್ಯುರೇಟರಿನೊಳಗೆ ನೋಡಬೇಕು. ಒಳಗಿನ ಮುಚ್ಚಳಗಳು ನೆಟ್ಟಗೆ ನಿಲ್ಲುವಷ್ಟು ತೆರೆಯಬೇಕು. ಹೊಸದಾಗಿ ಹಾಸಿದ ದಪ್ಪ ಜಮಖಾನೆಯು ಪೆಡಲಿಗೆ ಅಡ್ಡಬಂದು, ಅರ್ಧ ತೆರೆದ ಬಾಗಿಲಿನಲ್ಲಿಯೇ ಗಾಡಿ ಓಡುತ್ತಿರುವುದು ಜೀರ್ಣೋದ್ಧಾರವಾದ ಕಾರುಗಳಲ್ಲಿ ಕಂಡುಬರುವ ಸಂಗತಿ. ಈ ಗಾಡಿಯಲ್ಲಿ ಸಾಮಾನ್ಯವಾಗಿರುವ ಕ್ವಾಡ್ರಾಜೆಟ್ ಕಾರ್ಬ್ಯುರೇಟರಿಗೆ ಮುಂದೆ ಎರಡು ಚಿಕ್ಕ, ಹಿಂದೆ ಎರಡು ದೊಡ್ಡ ಕಂಡಿಗಳಿವೆ. ಎಂಜಿನ್ನು ತಣ್ಣಗಿರುವಾಗ ಹಿಂದಿನವು ತೆರೆಯದಂತೆ ಒಂದು ಚಿಕ್ಕ ಸನ್ನೆ ತಡೆದಿರುತ್ತದೆ. ಬಿಸಿಯಾದಮೇಲೂ ಅದು ಬಿಡದಿದ್ದರೆ ಎಂಜಿನ್ನು ಅರ್ಧ ಉಸಿರಿನಲ್ಲಿಯೇ ಕೆಲಸಮಾಡಬೇಕಾಗುತ್ತದೆ.

ಮೂರನೆಯದು ಪೆಟ್ರೋಲು. ನಿಂತ ಎಂಜಿನ್ನಿನ ಕಾರ್ಬ್ಯುರೇಟರಿನ ಸನ್ನೆಯನ್ನು ಕೈಯಿಂದ ತಿರುಗಿಸಿದೊಡನೆ ಎರಡು ಸಣ್ಣ ಧಾರೆಗಳು ಬಲವಾಗಿ ಚಿಮ್ಮಬೇಕು. ಚಿಮ್ಮದಿದ್ದರೆ, ಅಥವಾ ತಡವಾಗಿ ಜಿನುಗಿದರೆ, ಪಂಪಿನ ಬಟ್ಟಲು ಒಣಗಿಯೋ ಊದಿಕೊಂಡೋ ಕೆಟ್ಟಿದೆ. ನಮ್ಮ ವಾಚಕರು ಒಂದು ಧಾರೆಯನ್ನು ಮಾತ್ರ ಕಂಡರು. ಬಟ್ಟಲನ್ನು ಬದಲಿಸಿದಮೇಲೆ ಮುಗ್ಗರಿಕೆ ನಿಂತಿತು. ಆದರೆ ಮೂಲರೋಗ ಉಳಿದೇ ಇತ್ತು. ಕಾರ್ಬ್ಯುರೇಟರಿನ ಬಾಯಲ್ಲಿರುವ ಚಿಕ್ಕ ಶೋಧಕವನ್ನೂ ನೋಡತಕ್ಕದ್ದು. ಹಳೆಯ ಟ್ಯಾಂಕಿನ ತುಕ್ಕು ಅಲ್ಲಿ ಬಂದು ಕೂಡುತ್ತದೆ. ಇಂಧನದ ಪಂಪು ಅರ್ಧ ನಿಮಿಷಕ್ಕೆ ಸುಮಾರು ಅರ್ಧ ಲೀಟರು ಪೆಟ್ರೋಲನ್ನು ಕೊಡಬೇಕು. ಇದನ್ನು ಅಳೆಯುವಾಗ ಎಂಜಿನ್ನು ತಣ್ಣಗಿರಬೇಕು, ಬಯಲಿನಲ್ಲಿರಬೇಕು, ಬೆಂಕಿಯ ಸುಳಿವೂ ಹತ್ತಿರವಿರಕೂಡದು.

ನಾಲ್ಕನೆಯ ಪರೀಕ್ಷೆಗೆ ವ್ಯಾಕ್ಯೂಂ ಗೇಜ್ ಎಂಬ ಅಗ್ಗದ ಮಾಪಕ ಸಾಕು. ವೈದ್ಯನಿಗೆ ನಾಡಿಯಿದ್ದಂತೆ ಮೆಕ್ಯಾನಿಕ್ಕಿಗೆ ಇದು. ಸಮುದ್ರಮಟ್ಟದಲ್ಲಿ, ಆರೋಗ್ಯವಾದ ಸಾಧಾರಣ ಎಂಜಿನ್ನು ನಿಂತಲ್ಲಿ ಓಡುವಾಗ ಮುಳ್ಳು 17ರಿಂದ 21 ಅಂಗುಲದ ನಡುವೆ ಅಲುಗದೆ ನಿಲ್ಲುತ್ತದೆ. ಎತ್ತರವು ಸಾವಿರ ಅಡಿ ಏರಿದಂತೆಲ್ಲ ಸುಮಾರು ಒಂದು ಅಂಗುಲ ಕಡಮೆಯಾಗುವುದು ಸಹಜ. ಮೂರು ಸಾವಿರ ಅಡಿಯ ಮೇಲಿರುವ ಬೆಂಗಳೂರಿನವರು ಇದನ್ನು ಮರೆತು ಒಳ್ಳೆಯ ಎಂಜಿನ್ನನ್ನು ದೂಷಿಸಬಾರದು. ಮುಳ್ಳು ತಾಳಬದ್ಧವಾಗಿ ಹಾರಿ ಬೀಳುತ್ತಿದ್ದರೆ ಒಂದು ವಾಲ್ವು ಕೆಟ್ಟಿರಬಹುದು. ಎಂಜಿನ್ನನ್ನು ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತಿನಲ್ಲಿ ಹಿಡಿದಾಗ ಮುಳ್ಳು ಕ್ರಮೇಣ ಇಳಿಯುತ್ತ ಹೋದರೆ ಹೊಗೆಯ ದಾರಿ ಕಟ್ಟಿದೆ. ಈ ಗಾಡಿಗಳಲ್ಲಿ ಚಳಿಯ ವೇಳೆ ಬಿಸಿಯನ್ನು ತಿರುಗಿಸುವ ಕವಾಟವೊಂದು ಹೊಗೆಯ ದಾರಿಯಲ್ಲಿದೆ. ಅದು ತುಕ್ಕುಹಿಡಿದು ಮುಚ್ಚಿಕೊಂಡೇ ನಿಲ್ಲುವುದುಂಟು. ನಮ್ಮ ವಾಚಕರ ಮಾಪಕ ತೋರಿಸಿದ್ದು 14 ಅಂಗುಲ. ಮುಳ್ಳು ಅಲುಗಲಿಲ್ಲ, ಇಳಿಯಲೂ ಇಲ್ಲ. ಹೀಗೆ ಸ್ಥಿರವಾಗಿಯೂ ತಗ್ಗಾಗಿಯೂ ಇದ್ದರೆ, ಕಿಡಿಯಾಗಲಿ ವಾಲ್ವುಗಳಾಗಲಿ ತಡವಾಗಿ ನಡೆಯುತ್ತಿವೆಯೆಂಬ ಶಂಕೆಗೆ ಬಲ ಬರುತ್ತದೆ.

ಆದಕಾರಣ ಐದನೆಯದು ಕಿಡಿಯ ಕಾಲ. ಸಿಲಿಂಡರಿನೊಳಗಿನ ಮಿಶ್ರಣವು ಕಿಡಿ ತಾಕಿದೊಡನೆ ಒಮ್ಮೆಗೇ ಉರಿದು ಮುಗಿಯುವುದಿಲ್ಲ. ಅದಕ್ಕೂ ಸ್ವಲ್ಪ ಕಾಲ ಬೇಕು. ಒತ್ತಡವು ಪರಾಕಾಷ್ಠೆಗೆ ಬರುವುದು ಪಿಸ್ಟನ್ನು ತುದಿಯನ್ನು ಮುಟ್ಟಿ ಇಳಿಯತೊಡಗಿದ ಕೂಡಲೆ ಆಗಬೇಕಾದ್ದರಿಂದ ಕಿಡಿಯನ್ನು ಮುಂಚಿತವಾಗಿಯೇ ಹಾರಿಸಬೇಕು. ನಿಮಿಷಕ್ಕೆ 600 ಸುತ್ತಿನಲ್ಲಿ ಕ್ರ್ಯಾಂಕ್ ಷಾಫ್ಟು ಸೆಕೆಂಡಿನ ಸಾವಿರದೊಂದು ಭಾಗದಲ್ಲಿ ಮೂರೂವರೆ ಅಂಶಕ್ಕೆ ಸ್ವಲ್ಪ ಮೇಲೆ ತಿರುಗುತ್ತದೆ. 3000 ಸುತ್ತಿನಲ್ಲಿ ಅದೇ ಕಾಲಕ್ಕೆ 18 ಅಂಶ. ಆದುದರಿಂದ ವೇಗ ಹೆಚ್ಚಿದಂತೆ ಕಿಡಿ ಇನ್ನೂ ಮುಂಚೆ ಬರುವಂತೆ ಡಿಸ್ಟ್ರಿಬ್ಯೂಟರಿನೊಳಗೆ ಎರಡು ಚಿಕ್ಕ ತೂಕಗಳನ್ನೂ ಸ್ಪ್ರಿಂಗುಗಳನ್ನೂ ಇಟ್ಟಿದ್ದಾರೆ. ಹಳೆಯ ಗ್ರೀಸು ಗಟ್ಟಿಯಾಗಿ ತೂಕಗಳು ಅಲುಗದಿದ್ದರೆ ಗಾಡಿಯ ಸತ್ವವೇ ಹೋದಂತೆ. ಪಾಯಿಂಟುಗಳ ಡ್ವೆಲ್ಲು ಸುಮಾರು 30 ಅಂಶವಿರಬೇಕು. ವ್ಯಾಕ್ಯೂಂ ಕೊಳವೆಯನ್ನು ಕಳಚಿ ಮುಚ್ಚಿ ನೋಡಿದಾಗ, ಮೂರು ಸಾವಿರ ಸುತ್ತಿನ ಹೊತ್ತಿಗೆ ಕಿಡಿಯು ಒಟ್ಟು ಸುಮಾರು 34ರಿಂದ 38 ಅಂಶ ಮುಂಚಿತವಾಗಿರಬೇಕು. ಟೈಮಿಂಗ್ ದೀಪದ ಬೆಳಕಿನಲ್ಲಿ ನಮ್ಮ ವಾಚಕರು ಇದನ್ನು ನೋಡಿದರು. ಗುರುತಿನ ಪ್ರಕಾರ ಎಲ್ಲವೂ ಸರಿಯಾಗಿತ್ತು!

ಈಗ ವಿಚಾರಕ್ಕೆ ಬಿಗಿ ಬಂದಿತು. ಕಿಡಿ ತಡವೆಂದು ಮಾಪಕ ಹೇಳುತ್ತದೆ. ತಡವಿಲ್ಲವೆಂದು ಗುರುತು ಹೇಳುತ್ತದೆ. ಎರಡು ಪ್ರಮಾಣಗಳು ಪರಸ್ಪರ ವಿರೋಧಿಸಿದಾಗ ಪ್ರಮಾಣವನ್ನೇ ಪರೀಕ್ಷಿಸಬೇಕೆಂಬುದು ತಾರ್ಕಿಕರ ಮತ. ಕಾರ್ಖಾನೆಯವರಾದರೋ ಗುರುತನ್ನು ನಂಬಿ, “ಕಿಡಿ ಸರಿಯಿದೆ, ಹಾಗಾದರೆ ಎಂಜಿನ್ನೇ ಸವೆದಿದೆ” ಎಂದು ತೀರ್ಮಾನಿಸಿದ್ದರು.

ಆ ಗುರುತು ಇರುವುದೆಲ್ಲಿ? ಕ್ರ್ಯಾಂಕ್ ಷಾಫ್ಟಿನ ಮುಂತುದಿಯಲ್ಲಿ ಹಾರ್ಮೋನಿಕ್ ಬ್ಯಾಲನ್ಸರ್ ಎಂಬ ಭಾರವಾದ ಚಕ್ರವಿದೆ. ಷಾಫ್ಟಿನ ಕಂಪನವನ್ನು ಹೀರುವುದು ಅದರ ಕೆಲಸ. ಅದು ಒಂದೇ ತುಂಡಲ್ಲ. ಒಳಗಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರಿನ ಪಟ್ಟಿಯಿದೆ. ಗುರುತನ್ನು ಕೊರೆದಿರುವುದು ಹೊರಗಿನ ಉಂಗುರದ ಮೇಲೆ. ಐವತ್ತು ವರ್ಷ ದಾಟಿದ ರಬ್ಬರು ಹಿಡಿತ ಬಿಟ್ಟು ಉಂಗುರ ಹಿಂದಕ್ಕೆ ಜಾರಿದರೆ, ಗುರುತೂ ಅದರೊಡನೆ ಜಾರುತ್ತದೆ. ಜೀರ್ಣೋದ್ಧಾರದವರು ಅದರ ಮೇಲೆ ಚೊಕ್ಕವಾಗಿ ಬಣ್ಣ ಬಳಿದಿದ್ದರೆ ಜಾರಿದ್ದು ಕಣ್ಣಿಗೂ ಬೀಳದು.

ಇದರ ಪರೀಕ್ಷೆಗೆ ಹೆಚ್ಚು ಹಣ ಬೇಡ. ಬ್ಯಾಟರಿಯ ತಂತಿಯನ್ನು ಕಳಚಿ, ಎಲ್ಲ ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆದು, ಒಂದನೆಯ ಸಿಲಿಂಡರಿನ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ ಎಂಬ ಗೂಟವನ್ನು ತಿರುಗಿಸಿ ಕೂರಿಸಬೇಕು. ಕ್ರ್ಯಾಂಕ್ ಷಾಫ್ಟನ್ನು ಕೈಯಿಂದ ಮೆಲ್ಲಗೆ ಒಂದು ಕಡೆಗೆ ತಿರುಗಿಸಿ, ಪಿಸ್ಟನ್ನು ಗೂಟಕ್ಕೆ ತಗುಲಿದಲ್ಲಿ ಸೂಚಕದ ಎದುರಿಗೆ ಚಕ್ರದ ಮೇಲೆ ಗೆರೆಯೆಳೆಯಬೇಕು. ಇನ್ನೊಂದು ಕಡೆಗೂ ಹಾಗೆಯೇ ಮಾಡಬೇಕು. ಎರಡು ಗೆರೆಗಳ ನಟ್ಟನಡುವೆ ಇರುವುದೇ ಪಿಸ್ಟನ್ನಿನ ನಿಜವಾದ ತುದಿಸ್ಥಾನ. ನಮ್ಮ ವಾಚಕರು ಹೀಗೆ ಮಾಡಿದಾಗ ಕಾರ್ಖಾನೆಯ ಗುರುತು 12 ಅಂಶ ಹಿಂದೆ ಬಿದ್ದಿತ್ತು. ತುದಿಗೆ 4 ಅಂಶ ಮುಂಚೆ ಬರುತ್ತಿದೆಯೆಂದು ಭಾವಿಸಿದ್ದ ಕಿಡಿಯು ವಾಸ್ತವವಾಗಿ 8 ಅಂಶ ತಡವಾಗಿ ಬರುತ್ತಿತ್ತು. ಪ್ಲಗ್ಗು ತೆಗೆದಿದ್ದಾಗಲೇ ಎಂಟೂ ಸಿಲಿಂಡರುಗಳ ಒತ್ತಡವನ್ನು ಅಳೆದರು. ಅತಿ ಕಡಮೆಯದು ಅತಿ ಹೆಚ್ಚಿನದರ ಮುಕ್ಕಾಲಿಗಿಂತ ಕೆಳಗಿರಕೂಡದೆಂಬುದು ನಿಯಮ. ಇಲ್ಲಿ ನೂರಕ್ಕೆ ಹತ್ತರ ಅಂತರವೂ ಇರಲಿಲ್ಲ. ಬಿಚ್ಚಿ ಕಟ್ಟಬೇಕೆಂದು ಹೇಳಿದ ಎಂಜಿನ್ನು ಆರೋಗ್ಯವಾಗಿಯೇ ಇತ್ತು. ಬ್ಯಾಲನ್ಸರನ್ನು ಬದಲಾಯಿಸಿ ಕಿಡಿಯನ್ನು ಸರಿಪಡಿಸಿದಮೇಲೆ ಹನ್ನೆರಡು ಸೆಕೆಂಡು ಎಂಟಕ್ಕೆ ಇಳಿಯಿತು.

ಜಾರಿದ ಚಕ್ರದ ಮೇಲೆ ಹೊಸ ಗುರುತು ಹಾಕಿಕೊಂಡು ಸುಮ್ಮನಾಗಬಾರದು. ಹಿಡಿತ ಬಿಟ್ಟ ಉಂಗುರ ಮುಂದೆ ಪೂರ್ತಿಯಾಗಿ ಕಳಚಿ ಹಾರಿದರೆ ಪ್ರಾಣಾಪಾಯವುಂಟು.

ಒಂದು ವೇಳೆ ಇಷ್ಟಾದರೂ ದೋಷ ಸಿಕ್ಕದಿದ್ದರೆ? ಆಗ ಟೈಮಿಂಗ್ ಚೈನನ್ನು ನೋಡಬೇಕು. ಕ್ರ್ಯಾಂಕ್ ಷಾಫ್ಟನ್ನು ಹಿಂದಕ್ಕೂ ಮುಂದಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುವಾಗ ಡಿಸ್ಟ್ರಿಬ್ಯೂಟರಿನ ರೋಟರು ಬಹಳ ತಡವಾಗಿ ಅಲುಗಿದರೆ ಚೈನು ಸಡಿಲವಾಗಿದೆ. ಆ ಕಾಲದ ಹಲವು ಎಂಜಿನ್ನುಗಳಲ್ಲಿ ಸದ್ದಡಗಿಸಲೆಂದು ನೈಲಾನು ಹಲ್ಲಿನ ಗಾಲಿಗಳನ್ನು ಹಾಕಿದ್ದರು; ಅವು ವಯಸ್ಸಾದಂತೆ ಒಡೆಯುತ್ತವೆ. ಬಳಿಕ ಕ್ಯಾಮ್ ಷಾಫ್ಟಿನ ಉಬ್ಬುಗಳು ಸವೆದಿವೆಯೇ ಎಂದು ನೋಡಬೇಕು. ಈಚಿನ ಎಂಜಿನ್ ಎಣ್ಣೆಗಳಲ್ಲಿ ಸತುವಿನ ಸಂಯುಕ್ತವನ್ನು ಕಡಮೆಮಾಡಿರುವುದರಿಂದ ಹಳೆಯ ಮಾದರಿಯ ಕ್ಯಾಮುಗಳಿಗೆ ತಕ್ಕ ಎಣ್ಣೆಯನ್ನೇ ಆರಿಸಿಕೊಳ್ಳಬೇಕು. ಕೊಪ್ಪರಿಗೆಯ ಸರದಿ ಬರುವುದು ಇವೆಲ್ಲದರ ಅನಂತರ.

ಈ ಪರೀಕ್ಷೆಗಳಲ್ಲಿ ಒಮ್ಮೆಗೆ ಒಂದನ್ನು ಮಾತ್ರ ಬದಲಿಸತಕ್ಕದ್ದು. ಒಂದೇ ದಿನ ಪ್ಲಗ್ಗು, ಕಾಯಿಲು, ಕಾರ್ಬ್ಯುರೇಟರು ಮೂರನ್ನೂ ಹೊಸದು ಹಾಕಿ ಗಾಡಿ ಚುರುಕಾದರೆ, ಯಾವುದರಿಂದ ಗುಣವಾಯಿತೆಂದು ಹೇಳುವವರಾರು? ಕಾಗೆ ಕೂರುವುದಕ್ಕೂ ತಾಳೆಹಣ್ಣು ಬೀಳುವುದಕ್ಕೂ ಸರಿಹೋದಂತಾಗುತ್ತದೆ. ಪ್ರತಿಯೊಂದು ಬದಲಾವಣೆಯನ್ನೂ ಅದರ ಫಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಫಲವಿಲ್ಲದಿದ್ದರೆ ಹಿಂದಿನ ಸ್ಥಿತಿಗೆ ತಂದು ಮುಂದಕ್ಕೆ ಹೋಗಬೇಕು.

ಇಂಧನದ ವಿಷಯದಲ್ಲಿಯೂ ಒಂದು ಮಾತು. ಈ ಎಂಜಿನ್ನಿನ ಸಂಕೋಚನ 10.25ಕ್ಕೆ 1, ಅಂದಿನ ಸೀಸ ಬೆರೆಸಿದ ಉತ್ತಮ ಪೆಟ್ರೋಲಿಗಾಗಿ ರಚಿತವಾದದ್ದು. ಸೀಸವು ಮಕ್ಕಳ ಮೆದುಳಿಗೆ ವಿಷವಾದ್ದರಿಂದ ರಸ್ತೆಯ ವಾಹನಗಳಿಗೆ ಅಂಥ ಪೆಟ್ರೋಲನ್ನು ಮಾರುವುದನ್ನು ಅಮೆರಿಕದಲ್ಲಿ 1996ರಲ್ಲಿಯೂ ನಮ್ಮ ದೇಶದಲ್ಲಿ 2000ದಲ್ಲಿಯೂ ನಿಲ್ಲಿಸಿದರು; ಅದು ಯುಕ್ತವೇ. ಆದುದರಿಂದ ಚುರುಕಿನ ಆಸೆಗೆ ಕಿಡಿಯನ್ನು ಅತಿಯಾಗಿ ಮುಂದಕ್ಕೆ ತಳ್ಳಬಾರದು. ಏರಿನಲ್ಲಿ ಸಣ್ಣ ಗೋಲಿಗಳು ಕುಲುಕಿದಂತೆ ‘ನಾಕಿಂಗ್’ ಸದ್ದು ಕೇಳಿದರೆ ಕೂಡಲೆ ಎರಡು ಅಂಶ ಹಿಂದಕ್ಕೆ ತರಬೇಕು. ಅಲಕ್ಷ್ಯ ಮಾಡಿದರೆ ಪಿಸ್ಟನ್ನೇ ತೂತಾಗಬಹುದು. ನೂರಕ್ಕೆ ಹತ್ತರಷ್ಟು ಎಥನಾಲು ಬೆರೆತ ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.1 ಪಾಲು ಗಾಳಿ ಸಾಕು. ಶುದ್ಧ ಪೆಟ್ರೋಲಿಗೆ 14.7 ಬೇಕು. ಹಳೆಯ ಲೆಕ್ಕಕ್ಕೆ ಕೊರೆದ ಜೆಟ್ಟಿನಲ್ಲಿ ಇದು ಸ್ವಲ್ಪ ತೆಳುವಾದ ಮಿಶ್ರಣವಾಗಿ ಪರಿಣಮಿಸುತ್ತದೆ. ಹಳೆಯ ರಬ್ಬರು ಕೊಳವೆಗಳನ್ನೂ ಎಥನಾಲು ತಾಳುವಂಥವುಗಳಿಗೆ ಬದಲಿಸಿಕೊಳ್ಳುವುದು ಕ್ಷೇಮ.

ಮನೆಯಲ್ಲಿ ಇಂಥ ಕೆಲಸಕ್ಕೆ ಇಳಿಯುವವರು ಮುಚ್ಚಿದ ಷೆಡ್ಡಿನಲ್ಲಿ ಎಂಜಿನ್ನನ್ನು ಓಡಿಸಕೂಡದು. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ಮಾರಕ ವಿಷಾನಿಲವಿರುತ್ತದೆ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ನುಸುಳಬಾರದು. ತಿರುಗುವ ಫ್ಯಾನಿನ ಬಳಿ ಪಂಚೆಯ ಅಂಚಾಗಲಿ ಸೆರಗಾಗಲಿ ಸುಳಿಯಬಾರದು, ಮಕ್ಕಳನ್ನು ದೂರವಿಡಬೇಕು. ಇಷ್ಟು ಎಚ್ಚರವಿಟ್ಟುಕೊಂಡು, ಒಂದು ಮಾಪಕ, ಒಂದು ಟೈಮಿಂಗ್ ದೀಪ, ಒಂದು ಟಿಪ್ಪಣಿಯ ಪುಸ್ತಕ ಇವುಗಳೊಂದಿಗೆ ಎರಡು ಭಾನುವಾರಗಳನ್ನು ಕಳೆದರೆ, ಯಾವ ಗೃಹಸ್ಥನೂ ತನ್ನ ಗಾಡಿಯ ನಿಜಸ್ಥಿತಿಯನ್ನು ಅರಿತುಕೊಂಡು ಕಾರ್ಖಾನೆಯವರೊಡನೆ ಮಾತನಾಡಬಲ್ಲನು. ದೊಡ್ಡ ವೆಚ್ಚಕ್ಕೆ ಒಪ್ಪಿಗೆ ಕೊಡುವ ಮುನ್ನ, ಅವರು ಯಾವ ಅಳತೆಯ ಆಧಾರದಿಂದ ಹೇಳುತ್ತಿದ್ದಾರೆ, ಆ ಅಳತೆಯನ್ನು ಯಾವುದರಿಂದ ಸರಿನೋಡಿದರು ಎಂಬ ಎರಡು ಪ್ರಶ್ನೆಗಳನ್ನು ವಿನಯದಿಂದಲೇ ಕೇಳಬಹುದು. ಅಂಬಾಸಡರು, ಪದ್ಮಿನಿಗಳ ಕಾರ್ಬ್ಯುರೇಟರಿನ ವಿಷಯವಾಗಿ ಬಂದಿರುವ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡಲಾಗುವುದು.